ಸೇನೆಯಿಂದ ಮರಳಿದವರ ವ್ಯಸನ ಮತ್ತು ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೇನೆಯಲ್ಲಿ ದುಡಿದು ಬಂದವರು, ಅವರ ಹೆಂಡತಿ ಮಕ್ಕಳು, ಅಣ್ಣತಮ್ಮಂದಿರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದವರು ಎರಡನ್ನು ಮಾತ್ರ ಬಿಡಬೇಡಿ: ಕುಡಿತವನ್ನು ಒಮ್ಮೆಲೇ ನಿಲ್ಲಿಸುವುದರ ಬಗ್ಗೆ ಇರುವುದು ಮತ್ತು ಮನೆಯಲ್ಲಿರುವ ಬಂದೂಕಿನ ಬಗ್ಗೆ ಇರುವುದು. ಆ ಎರಡರಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವೇ ಸಿಗದೆ ಹೋಗಬಹುದು.

## ಮೊದಲ ಪ್ರಶ್ನೆಗಳು

ನಮ್ಮ ಯಜಮಾನರು ದಿನವೂ ಕುಡಿಯುತ್ತಾರೆ. ಆದರೆ ಒಂದು ದಿನವೂ ಕೆಲಸ ತಪ್ಪಿಸಿದವರಲ್ಲ. ಇದನ್ನು ವ್ಯಸನ ಎನ್ನಬಹುದೇ?

ಎನ್ನಬಹುದು. ಕೆಲಸ ತಪ್ಪುವುದು ಹಲವು ಲಕ್ಷಣಗಳಲ್ಲಿ ಒಂದು, ಅದೂ ಸೈನಿಕರಲ್ಲಿ ತೀರಾ ತಡವಾಗಿ ಕಾಣಿಸುವಂಥದ್ದು. ಜ್ವರದಲ್ಲೂ ಪಹರೆಗೆ ನಿಂತು ಅಭ್ಯಾಸವಾದವರು ರಾತ್ರಿ ಎಷ್ಟೇ ಕುಡಿದಿದ್ದರೂ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೊರಟುಬಿಡುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ 11 ಲಕ್ಷಣಗಳಿವೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಕುಡಿಯುವುದು, ಬಿಡಲು ಹೋಗಿ ಸೋಲುವುದು, ತಡೆಯಲಾಗದ ಆಸೆ, ಅದೇ ನಶೆಗೆ ದಿನದಿನಕ್ಕೆ ಹೆಚ್ಚು ಬೇಕಾಗುವುದು, ನಿಲ್ಲಿಸಿದರೆ ಮೈ ನಡುಗುವುದು, ಮನೆಯಲ್ಲಿ ಜಗಳವಾದರೂ ಮುಂದುವರಿಸುವುದು ಅವುಗಳಲ್ಲಿ ಕೆಲವು. ಒಂದು ವರ್ಷದ ಅವಧಿಯಲ್ಲಿ ಎರಡೋ ಮೂರೋ ಕಂಡರೆ ಸೌಮ್ಯ, ನಾಲ್ಕೋ ಐದೋ ಕಂಡರೆ ಮಧ್ಯಮ, ಆರು ಅಥವಾ ಹೆಚ್ಚಾದರೆ ತೀವ್ರ. ಗ್ಲಾಸುಗಳನ್ನು ಲೆಕ್ಕ ಹಾಕಿ ಜಗಳವಾಡುವ ಬದಲು, ಕುಡಿತಕ್ಕಾಗಿ ಅವರು ಏನೇನನ್ನು ಬಿಟ್ಟುಕೊಟ್ಟಿದ್ದಾರೆ ಎಂದು ನೋಡಿ. ಉತ್ತರ ಅಲ್ಲಿ ಸಿಗುತ್ತದೆ.

ಇಪ್ಪತ್ತು ವರ್ಷ ಶಿಸ್ತಿನಲ್ಲಿ ಬದುಕಿದವನಿಗೆ ಒಂದು ಬಾಟಲಿ ಬಿಡಲು ಆಗುವುದಿಲ್ಲವೇ?

ಈ ಮಾತನ್ನು ಮನೆಯವರಿಗಿಂತ ಹೆಚ್ಚಾಗಿ ಸೈನಿಕರೇ ತಮಗೆ ತಾವು ಹೇಳಿಕೊಳ್ಳುತ್ತಾರೆ. ಅದು ಅವರನ್ನು ಒಳಗೊಳಗೇ ತಿನ್ನುತ್ತದೆ. ಮದ್ಯ ಅಥವಾ ಮಾದಕ ವಸ್ತು ವರ್ಷಗಟ್ಟಲೆ ಒಳಹೋದಾಗ ಆಸೆ, ಒತ್ತಡ, ಅಭ್ಯಾಸ ಇವನ್ನು ನಡೆಸುವ ಮಿದುಳಿನ ಭಾಗಗಳೇ ಬದಲಾಗುತ್ತವೆ. ಮುರಿದ ಕಾಲಿಗೆ ಶಿಸ್ತು ಹೇಳಿದರೆ ಅದು ಕೂಡುವುದಿಲ್ಲ. ಆದರೆ ಮೂಳೆ ಕೂಡಿದ ಮೇಲೆ ದಿನವೂ ವ್ಯಾಯಾಮ ಮಾಡಲು ಶಿಸ್ತು ಬೇಕೇ ಬೇಕು. ವ್ಯಸನದಲ್ಲೂ ಶಿಸ್ತಿನ ಜಾಗ ಅದೇ.

ಇನ್ನೊಂದನ್ನೂ ಹೇಳಬೇಕು. ಈ ಅಭ್ಯಾಸವನ್ನು ಎಷ್ಟೋ ಸಲ ಕೈಗೆ ಕೊಟ್ಟದ್ದು ಸೇನೆಯೇ. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ದಿನವೂ ರಮ್ ಹಂಚುವ ಪದ್ಧತಿಯನ್ನು ನಿಲ್ಲಿಸಿದ್ದು 1970ರ ಜುಲೈ 31ರಂದು. ಅಮೆರಿಕದ ಸೈನಿಕರ ಊಟದ ಪೊಟ್ಟಣದೊಳಗೆ 1970ರ ದಶಕದ ನಡುವಿನವರೆಗೂ ಸಿಗರೇಟು ಇರುತ್ತಿತ್ತು. ಚಳಿಗೆ, ಭಯಕ್ಕೆ, ಬೇಸರಕ್ಕೆ ಸರ್ಕಾರವೇ ಕೊಟ್ಟದ್ದನ್ನು ಬಿಡಲಾಗದವನನ್ನು ದುರ್ಬಲ ಎನ್ನುವುದು ನ್ಯಾಯವಲ್ಲ.

ಇವತ್ತಿನಿಂದಲೇ ಪೂರ್ತಿ ನಿಲ್ಲಿಸಿಬಿಡುತ್ತೇನೆ ಎನ್ನುತ್ತಾರೆ. ಒಳ್ಳೆಯದೇ ಅಲ್ಲವೇ?

ನಿರ್ಧಾರ ಒಳ್ಳೆಯದು, ಆ ರೀತಿ ಅಪಾಯದ್ದು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ, ಚಡಪಡಿಕೆ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿಯಂಥ ಸ್ಥಿತಿ ಬರುತ್ತದೆ: ದಿಕ್ಕು ತಪ್ಪಿದ ಮಾತು, ಇಲ್ಲದ್ದು ಕಾಣುವುದು, ಜ್ವರ, ಏರಿದ ರಕ್ತದೊತ್ತಡ. ಯುದ್ಧ ಕಂಡವರು ಆಗ ಮತ್ತೆ ಯುದ್ಧಭೂಮಿಯಲ್ಲೇ ಇರುವಂತೆ ಕೂಗಾಡಿದ್ದೂ ಉಂಟು. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯುತ್ತದೆ.

ವೈದ್ಯರ ಕಣ್ಣಳತೆಯಲ್ಲಿ ಬಿಟ್ಟರೆ ಇದೆಲ್ಲವನ್ನೂ ತಡೆಯಬಹುದು. ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಲೋರಾಜೆಪಾಮ್ ಇವುಗಳಲ್ಲಿ ಒಂದನ್ನು ಕೊಟ್ಟು, ಕೆಲವೇ ದಿನಗಳಲ್ಲಿ ಪ್ರಮಾಣ ಇಳಿಸುತ್ತ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಅದರ ಕೊರತೆಯಿಂದ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಲ್ಲದು. ಹಿಂದೆ ಒಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಈ ಸಲ ಮನೆಯಲ್ಲಿ ಪ್ರಯತ್ನಿಸಲೇಬೇಡಿ. ವೈದ್ಯರನ್ನು ಕಾಣುವವರೆಗೆ ಒಮ್ಮೆಲೇ ನಿಲ್ಲಿಸದೆ ಇರುವುದೇ ಕ್ಷೇಮ. ಕುಡಿತ ಬಿಡಿಸಬೇಕೆಂದು ವರ್ಷಗಳಿಂದ ಹಂಬಲಿಸಿದ ಹೆಂಡತಿಗೆ ಈ ಮಾತು ಎಷ್ಟು ಕಷ್ಟದ್ದೆಂದು ನನಗೆ ಗೊತ್ತು, ಆದರೂ ಹೇಳುತ್ತಿದ್ದೇನೆ.

ಕುಡಿದಾಗ ಸಾಯುವ ಮಾತಾಡುತ್ತಾರೆ. ಬೀರುವಿನಲ್ಲಿ ಬಂದೂಕಿದೆ. ಬೆಳಿಗ್ಗೆ ಕೇಳಿದರೆ ‘ಕುಡಿದ ಮಾತು, ಬಿಡು’ ಎನ್ನುತ್ತಾರೆ.

ಬಿಡಬೇಡಿ. ಮದ್ಯ ತಡೆಗೋಡೆಯನ್ನು ಕೆಡವುತ್ತದೆ, ಬಂದೂಕು ಎರಡನೆಯ ಯೋಚನೆಗೆ ಎಡೆ ಕೊಡುವುದಿಲ್ಲ. ಸಾಯಬೇಕೆಂಬ ಸೆಳೆತ ಅತಿ ತೀವ್ರವಾಗಿರುವುದು ಹಲವು ಸಲ ನಿಮಿಷಗಳ ಕಾಲ. ಆ ಹೊತ್ತಿನಲ್ಲಿ ಆಯುಧ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ.

ಅವರು ಕುಡಿಯದೆ ಇರುವ ಹೊತ್ತು ನೋಡಿ ನೇರವಾಗಿಯೇ ಕೇಳಿ: ‘ಸಾಯಬೇಕು ಅನ್ನಿಸುತ್ತಿದೆಯೇ?’ ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಚಿಕಿತ್ಸೆ ಮುಗಿಯುವವರೆಗೆ ಬಂದೂಕನ್ನು ಕಾನೂನಿಗೆ ಒಪ್ಪುವ ರೀತಿಯಲ್ಲಿ ಮನೆಯಿಂದ ಹೊರಗೆ ಇಡಿಸಿ. ಅದು ಆಗದಿದ್ದರೆ ಗುಂಡುಗಳನ್ನು ಬೇರೆಡೆ ಇಟ್ಟು, ಬೀಗದ ಕೈ ಇನ್ನೊಬ್ಬರ ಬಳಿ ಇರಲಿ. ‘ಕಿತ್ತುಕೊಳ್ಳುತ್ತಿದ್ದೇವೆ’ ಎಂದರೆ ಅವರಿಗೆ ಅವಮಾನವಾಗುತ್ತದೆ. ರಜೆಗೆ ಹೊರಡುವ ಸೈನಿಕ ಆಯುಧಾಗಾರಕ್ಕೆ ಒಪ್ಪಿಸಿ ಹೋಗುತ್ತಾನೆ, ಇದೂ ಹಾಗೆಯೇ ಎಂದು ಹಳೆಯ ಜೊತೆಗಾರರೊಬ್ಬರಿಂದ ಹೇಳಿಸಿದರೆ ಒಪ್ಪುವವರಿದ್ದಾರೆ. ಮನೆಯಲ್ಲಿ ಕೂಡಿಟ್ಟ ಮಾತ್ರೆಗಳನ್ನೂ ಮರೆಯಬೇಡಿ. ಇವತ್ತೇ ಅಪಾಯ ಎನ್ನಿಸಿದರೆ ಒಬ್ಬರನ್ನೇ ಬಿಡದೆ ತುರ್ತು ಸೇವೆಗೆ ಕರೆ ಮಾಡಿ.

ಚಿಕಿತ್ಸೆಯ ಮಾತೆತ್ತಿದರೆ ಸಾಕು, ಎದ್ದು ಹೋಗುತ್ತಾರೆ. ನಾವು ಮಾಡುವಂಥದ್ದು ಏನಾದರೂ ಇದೆಯೇ?

ಇದೆ. ಅದೂ ಕೂಗಾಟಕ್ಕಿಂತ ಹೆಚ್ಚು ಫಲ ಕೊಡುವಂಥದ್ದು. ಚಿಕಿತ್ಸೆ ಬೇಡವೆನ್ನುವವರ ಮನೆಯವರಿಗೇ ತರಬೇತಿ ಕೊಡುವ ಒಂದು ಕ್ರಮ ಅಮೆರಿಕದಲ್ಲಿ ಬೆಳೆಯಿತು. ಅದನ್ನು ಕ್ರಾಫ್ಟ್ ಎಂದು ಕರೆಯುತ್ತಾರೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ತರಬೇತಿ ಪಡೆದವರ ಪೈಕಿ ನೂರಕ್ಕೆ 64 ಮಂದಿ ತಮ್ಮವರನ್ನು ಚಿಕಿತ್ಸೆಗೆ ಕರೆತಂದರು. ಎಲ್ಲರೂ ಸೇರಿ ಸುತ್ತುವರಿದು ಎದುರಾಎದುರು ಹೇಳುವ ಕ್ರಮದಲ್ಲಿ ಅದು 30 ಮಾತ್ರ.

ಅದರ ಸಾರ ಇಷ್ಟು. ಅವರು ಕುಡಿಯದೆ ಇರುವ ಹೊತ್ತಿನಲ್ಲಿ ಜೊತೆಗಿರಿ, ನಗುತ್ತ ಮಾತಾಡಿ. ಕುಡಿದಾಗ ಜಗಳವಿಲ್ಲದೆ ಪಕ್ಕದ ಕೋಣೆಗೆ ಹೋಗಿ. ಕುಡಿತದಿಂದ ಆದದ್ದನ್ನು ಮುಚ್ಚಿಹಾಕಬೇಡಿ. ಕಚೇರಿಗೆ ಫೋನ್ ಮಾಡಿ ‘ಹುಷಾರಿಲ್ಲ’ ಎನ್ನುವ ಕೆಲಸ ಅವರೇ ಮಾಡಲಿ. ‘ಹೀಗೆ ಎಷ್ಟು ದಿನ’ ಎಂದು ಅವರೇ ನಿಟ್ಟುಸಿರು ಬಿಡುವ ಒಂದು ಬೆಳಿಗ್ಗೆ ಬರುತ್ತದೆ. ಆ ಬೆಳಿಗ್ಗೆಗೆ ವೈದ್ಯರ ಹೆಸರು, ಹೋಗುವ ಸಮಯ ನಿಮ್ಮ ಬಳಿ ಸಿದ್ಧವಾಗಿರಬೇಕು. ಕೈ ಮಾಡುವವರಾದರೆ ಈ ಯಾವುದೂ ಮೊದಲ ಕೆಲಸವಲ್ಲ. ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ.

ಗೊತ್ತಾಗದಂತೆ ಸಾರಿಗೆ ಔಷಧ ಬೆರೆಸಿ ಕೊಡಬಹುದಂತೆ?

ಕೊಡಬಾರದು. ಹಾಗೆ ಗುಟ್ಟಾಗಿ ಮಾರುವ ಪುಡಿಗಳಲ್ಲಿ ಏನಿರುತ್ತದೋ ಹೇಳುವವರಿಲ್ಲ. ವೈದ್ಯರು ಬರೆಯುವ ಡೈಸಲ್ಫಿರಾಮ್ ಎಂಬ ಮಾತ್ರೆ ದೇಹದಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿ ನುಂಗುವವನಿಗೆ ಅದು ಕಾವಲು. ತಿಳಿಯದೆ ನುಂಗಿದವನನ್ನು ಅದು ಕೊಲ್ಲಬಹುದು. ಜೀವ ಉಳಿದರೂ, ಮುಂದೆ ಅವರು ನಿಮ್ಮ ಕೈಯ ಊಟವನ್ನಾಗಲಿ, ವೈದ್ಯರು ಕೊಟ್ಟ ಮಾತ್ರೆಯನ್ನಾಗಲಿ ನಂಬುವುದಿಲ್ಲ.

ಮೊದಲು ಯಾರ ಬಳಿ ಹೋಗಬೇಕು?

ಮನೋವೈದ್ಯರೇ ಆಗಬೇಕೆಂದಿಲ್ಲ. ನಂಬಿಕೆಯ ಯಾವ ವೈದ್ಯರಾದರೂ ಯಕೃತ್ತಿನ ಪರೀಕ್ಷೆ, ರಕ್ತದೊತ್ತಡ, ನಿದ್ದೆ, ಮನಸ್ಸಿನ ಸ್ಥಿತಿ ನೋಡಿ ಮುಂದಿನ ದಾರಿ ತೋರಿಸಬಲ್ಲರು. ಸೇನೆಯಲ್ಲಿದ್ದದ್ದನ್ನು, ಏನು ಕಂಡಿರಿ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿ. ಎಷ್ಟೋ ವೈದ್ಯರು ಅದನ್ನು ಕೇಳುವುದಿಲ್ಲ, ಎಷ್ಟೋ ಸೈನಿಕರು ಕೇಳದೆ ಹೇಳುವುದಿಲ್ಲ. ಅಲ್ಲಿಗೆ ಚಿಕಿತ್ಸೆ ಅರ್ಧ ದಾರಿ ತಪ್ಪುತ್ತದೆ. ಬಹಳ ದೇಶಗಳಲ್ಲಿ ಮಾಜಿ ಸೈನಿಕರಿಗೆಂದೇ ಆರೋಗ್ಯ ಸೌಲಭ್ಯವಿದೆ. ವ್ಯಸನದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ವಿಚಾರಿಸಿ.

## ಚಿಕಿತ್ಸೆಯ ದಾರಿಗಳು

ಕೇಂದ್ರಕ್ಕೆ ದಾಖಲಾಗಲೇಬೇಕೇ? ಮನೆಯಿಂದಲೇ ಹೋಗಿ ಬಂದರೆ ಆಗುವುದಿಲ್ಲವೇ?

ಬಹುಮಂದಿಗೆ ಆಗುತ್ತದೆ. ಫಿಟ್ಸ್ ಬಂದಿದ್ದವರು, ಹೃದಯ ಅಥವಾ ಯಕೃತ್ತಿನ ತೊಂದರೆಯವರು, ಆತ್ಮಹತ್ಯೆಯ ಯೋಚನೆ ಇರುವವರು, ಒಂದಕ್ಕಿಂತ ಹೆಚ್ಚು ಪದಾರ್ಥ ಬಳಸುವವರು, ಮನೆಯಲ್ಲಿ ಇನ್ನೊಬ್ಬರೂ ಕುಡಿಯುವವರು ದಾಖಲಾಗುವುದು ಮೇಲು. ಉಳಿದವರಿಗೆ ವಾರಕ್ಕೆ ಕೆಲವು ಸಲ ಹೋಗಿ ಬರುವ ಚಿಕಿತ್ಸೆ ಸಾಕಾಗಬಹುದು. ಕೇಂದ್ರವನ್ನು ಆರಿಸುವಾಗ ಮೂರು ಪ್ರಶ್ನೆ ಕೇಳಿ: ವೈದ್ಯರು ದಿನವೂ ಇರುತ್ತಾರೆಯೇ? ಔಷಧಗಳನ್ನು ಬಳಸುತ್ತೀರೋ ಅಥವಾ ಉಪದೇಶ ಮಾತ್ರವೋ? ಹೊರಬಂದ ಮೇಲೆ ಎಷ್ಟು ತಿಂಗಳು ನೋಡಿಕೊಳ್ಳುತ್ತೀರಿ? ಹೊಡೆದು ಬಡಿದು ಬಿಡಿಸುತ್ತೇವೆ ಎನ್ನುವ ಜಾಗಕ್ಕೆ ಯಾರನ್ನೂ ಕಳುಹಿಸಬೇಡಿ. ಸೆರೆ ಸಿಕ್ಕಿದ್ದವರಿಗೆ, ಆಘಾತ ಕಂಡವರಿಗೆ ಬೀಗ ಹಾಕಿದ ಕೋಣೆಯೇ ಹೊಸ ಗಾಯವಾಗುತ್ತದೆ.

ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಒಂದು ತಿಂಗಳಿಗೇ ಮತ್ತೆ ಶುರು. ಖರ್ಚೆಲ್ಲ ನೀರುಪಾಲಾಯಿತೇ?

ಆ ಹತ್ತು ದಿನ ಆದದ್ದು ದೇಹದಿಂದ ಮದ್ಯವನ್ನು ಸುರಕ್ಷಿತವಾಗಿ ಇಳಿಸುವ ಕೆಲಸ. ಡಿಟಾಕ್ಸ್ ಎನ್ನುವುದು ಅದನ್ನೇ. ಚಿಕಿತ್ಸೆ ಶುರುವಾಗುವುದು ಅದು ಮುಗಿದ ಮೇಲೆ. ಇದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳದೆ ಕಳುಹಿಸುವುದರಿಂದ ಮೊದಲ ಮರುಕಳಿಕೆಯೇ ಕೊನೆಯ ಸೋಲಿನಂತೆ ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಶೋಧನಾ ಸಂಸ್ಥೆಯ ಮಾತಿನಂತೆ 90 ದಿನಕ್ಕಿಂತ ಕಡಿಮೆಯ ಚಿಕಿತ್ಸೆಯ ಫಲ ಸೀಮಿತ. ಮತ್ತೆ ಬೀಳುವವರ ಪ್ರಮಾಣ ನೂರಕ್ಕೆ 40ರಿಂದ 60. ರಕ್ತದೊತ್ತಡ, ಆಸ್ತಮಾ ಇರುವವರಲ್ಲಿ ರೋಗ ಮರುಕಳಿಸುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಅಥವಾ ಇನ್ನೂ ಹೆಚ್ಚು. ರಕ್ತದೊತ್ತಡ ಏರಿದರೆ ಮಾತ್ರೆ ಬದಲಿಸುತ್ತೇವೆ, ಬೈಯುವುದಿಲ್ಲ. ಇಲ್ಲಿಯೂ ಯಾವ ದಿನ, ಯಾವ ಹೊತ್ತಿಗೆ, ಯಾರ ಜೊತೆ ಮೊದಲ ಗ್ಲಾಸು ಎಂದು ಹುಡುಕಿ ಯೋಜನೆ ಬದಲಿಸಬೇಕು.

ಕುಡಿಯುವ ಆಸೆಯನ್ನೇ ಕಡಿಮೆ ಮಾಡುವ ಮಾತ್ರೆ ಇದೆಯಂತೆ. ನಿಜವೇ?

ನಿಜ, ಮತ್ತು ಅದು ಸಿಗಬೇಕಾದವರಲ್ಲಿ ಬಹುಪಾಲು ಜನರಿಗೆ ಸಿಗುತ್ತಿಲ್ಲ ಎಂಬುದು ನನ್ನ ಕೊರಗು. ನಾಲ್‌ಟ್ರೆಕ್ಸೋನ್ ಕುಡಿತದಿಂದ ಸಿಗುವ ಸುಖವನ್ನು ಮಂಕು ಮಾಡುತ್ತದೆ. ದಿನಕ್ಕೊಂದು ಮಾತ್ರೆಯಾಗಿ ಅಥವಾ ತಿಂಗಳಿಗೊಂದು ಚುಚ್ಚುಮದ್ದಾಗಿ ಕೊಡುತ್ತಾರೆ. ಅಮೆರಿಕದಲ್ಲಿ ಕುಡಿತಕ್ಕೆ ಇದರ ಬಳಕೆಗೆ 1994ರಲ್ಲಿ ಒಪ್ಪಿಗೆ ಸಿಕ್ಕಿತು. ಅಫೀಮು ಜಾತಿಯ ನೋವಿನ ಮಾತ್ರೆ ನುಂಗುತ್ತಿರುವವರು ಇದನ್ನು ಮುಟ್ಟಬಾರದು. ಗಾಯಗೊಂಡ ಸೈನಿಕರಲ್ಲಿ ಅಂಥವರು ಹೆಚ್ಚು, ಆದ್ದರಿಂದ ಎಲ್ಲ ಮಾತ್ರೆಗಳ ಪಟ್ಟಿ ವೈದ್ಯರಿಗೆ ತೋರಿಸಿ. ಅಕಾಂಪ್ರೊಸೇಟ್ ಎಂಬ ಮಾತ್ರೆ ಕುಡಿತ ಬಿಟ್ಟ ಮೇಲಿನ ಚಡಪಡಿಕೆಯನ್ನು ತಗ್ಗಿಸುತ್ತದೆ. ಅದನ್ನು ದಿನಕ್ಕೆ ಮೂರು ಸಲ ನುಂಗಬೇಕು. ಯಕೃತ್ತು ಕೆಟ್ಟಿದ್ದರೂ ಕೊಡಬಹುದು, ಮೂತ್ರಪಿಂಡ ತೀರಾ ಕೆಟ್ಟಿದ್ದರೆ ಕೊಡಲಾಗದು. ಯಾವುದೂ ಮಂತ್ರದಂಡವಲ್ಲ. ಆದರೆ ಆಪ್ತಸಮಾಲೋಚನೆಯ ಜೊತೆ ಸೇರಿದಾಗ ದಿನ ದೂಡುವುದು ಹಗುರವಾಗುತ್ತದೆ.

ಬೆನ್ನುನೋವಿಗೆ ಕೊಟ್ಟ ಮಾತ್ರೆಯೇ ನನಗೆ ಚಟವಾಯಿತು. ಈಗ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಎನ್ನುತ್ತಾರೆ. ಒಂದು ಚಟದ ಬದಲು ಇನ್ನೊಂದು ತಾನೇ?

ಅಲ್ಲ. ಇವೆರಡೂ ಅಫೀಮು ಜಾತಿಯ ಮಾತ್ರೆಗಳ ವ್ಯಸನಕ್ಕೆ ವೈದ್ಯರು ಕೊಡುವ ಔಷಧಗಳು. ಚಟ ಎಂದರೆ ಹಿಡಿತ ತಪ್ಪಿದ ಬದುಕು. ಅಳತೆಯಲ್ಲಿ, ವೈದ್ಯರ ಉಸ್ತುವಾರಿಯಲ್ಲಿ ತೆಗೆದುಕೊಳ್ಳುವ ಔಷಧ ಹಿಡಿತವನ್ನು ಮರಳಿ ಕೊಡುತ್ತದೆ. ಬ್ಯುಪ್ರೆನಾರ್ಫಿನ್ ಮಿದುಳಿನಲ್ಲಿ ಅಫೀಮು ಕೂರುವ ಜಾಗವನ್ನು ತಾನು ಹಿಡಿದು, ಅರ್ಧ ಮಟ್ಟಿಗೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ನಶೆ ಏರುವುದಿಲ್ಲ, ಒದ್ದಾಟವೂ ಇಲ್ಲ. ಈ ಔಷಧಗಳಲ್ಲಿ ಇರುವವರೆಗೆ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವ್ಯಸನದ ವೈದ್ಯಶಾಸ್ತ್ರದಲ್ಲಿ ಇಷ್ಟು ಗಟ್ಟಿಯಾದ ಫಲ ಕೊಡುವ ಚಿಕಿತ್ಸೆ ಬಹಳ ಇಲ್ಲ.

ಔಷಧವಿಲ್ಲದೆ ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣಕ್ಕೇ ಹೋದವರು ಸಾಯುವುದು ಹೆಚ್ಚು, ಏಕೆಂದರೆ ದೇಹದ ತಾಳಿಕೆ ಅಷ್ಟರಲ್ಲಿ ಇಳಿದಿರುತ್ತದೆ. ಅಫೀಮು ಜಾತಿಯ ಔಷಧ ಅತಿಯಾಗಿ ಉಸಿರು ಕುಸಿದಾಗ ಕೊಡುವ ನಲಾಕ್ಸೋನ್ ಎಂಬ ಪ್ರತ್ಯೌಷಧ ಮನೆಯಲ್ಲಿರಲಿ, ಬಳಸುವುದನ್ನು ಮನೆಯವರು ಕಲಿತಿರಲಿ. ಬೆನ್ನುನೋವು ಸುಳ್ಳಲ್ಲ. ಅದಕ್ಕೆ ಫಿಸಿಯೋಥೆರಪಿ, ಬೇರೆ ಜಾತಿಯ ಔಷಧ, ನೋವಿನೊಡನೆ ಬದುಕುವ ಮನೋಚಿಕಿತ್ಸೆ ಇವನ್ನು ಜೊತೆಜೊತೆಗೇ ಕೇಳಿ ಪಡೆಯಿರಿ.

ಸಿಗರೇಟನ್ನೂ ಈಗಲೇ ಬಿಡಬೇಕೇ? ಅದೊಂದಾದರೂ ಇರಲಿ ಎನ್ನುತ್ತಾರೆ.

ಜೊತೆಗೇ ಬಿಟ್ಟರೆ ಕುಡಿತ ಮರುಕಳಿಸುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಎರಡನ್ನೂ ಬಿಟ್ಟವರು ಕುಡಿತದಿಂದಲೂ ಹೆಚ್ಚು ಕಾಲ ದೂರ ಉಳಿಯುವುದೇ ಕಂಡಿದೆ. ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್, ವರೆನಿಕ್ಲಿನ್ ಮಾತ್ರೆ ಸಹಾಯಕ್ಕಿವೆ. ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಮುಂದಿನ ತಿಂಗಳು ಮತ್ತೆ ಕೇಳಿ.

ಸೇನೆಯನ್ನೇ ನೋಡದ ಆಪ್ತಸಮಾಲೋಚಕರಿಗೆ ನನ್ನ ಕಷ್ಟ ಏನು ಅರ್ಥವಾದೀತು?

ಮೊದಲ ದಿನ ಅರ್ಥವಾಗದೆ ಹೋಗಬಹುದು. ಒಳ್ಳೆಯವರಾದರೆ ನಿಮ್ಮಿಂದ ಕಲಿಯುತ್ತಾರೆ. ಆದರೆ ನಿಮ್ಮ ಮಾತಿನಲ್ಲಿ ಸತ್ಯವಿದೆ: ಮಾಜಿ ಸೈನಿಕ ಮಾಜಿ ಸೈನಿಕನೊಡನೆ ಕುಳಿತಾಗ ವಿವರಿಸಬೇಕಾದ್ದು ಕಡಿಮೆ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ಬೆನ್ನಿಗೆ 1919ರಲ್ಲಿ ಹುಟ್ಟಿದ, ಇಂದು ಕಾಂಬ್ಯಾಟ್ ಸ್ಟ್ರೆಸ್ ಎಂಬ ಹೆಸರಿನ ಸಂಸ್ಥೆ ಮಾಜಿ ಸೈನಿಕರ ಮನಸ್ಸಿನ ಗಾಯಕ್ಕೆಂದೇ ಕೆಲಸ ಮಾಡುತ್ತಿದೆ. 1935ರಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟವನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಕುಡಿಯಲು ಕಲಿತದ್ದೇ ಆ ಯುದ್ಧದ ಕಾಲದಲ್ಲಿ, ಯುವ ಸೇನಾಧಿಕಾರಿಯಾಗಿದ್ದಾಗ. ಆ ಕೂಟದ ಹನ್ನೆರಡು ಹೆಜ್ಜೆಗಳ ಕ್ರಮವನ್ನು 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಪರಿಶೀಲಿಸಿ, ಪೂರ್ತಿ ಬಿಟ್ಟಿರುವ ಮಟ್ಟಿಗೆ ಅದು ಬೇರೆ ಮನೋಚಿಕಿತ್ಸೆಗಳಿಗೆ ಸಮ ಅಥವಾ ಮೇಲು ಎಂದಿತು. ಆ ಹೆಜ್ಜೆಗಳಲ್ಲಿ ಬರುವ ದೇವರ ಮಾತು ಹಿಡಿಸದವರಿಗೆ ಬೇರೆ ಕೂಟಗಳಿವೆ. ಕೂಟವನ್ನು ಚಿಕಿತ್ಸೆಗೆ ಜೊತೆಯಾಗಿ ಇಟ್ಟುಕೊಳ್ಳಿ. ಹಳೆಯ ಜೊತೆಗಾರರೆಲ್ಲ ಸೇರಿ ಕುಡಿಯುವ ಕೂಟ ಮಾತ್ರ ಬೇರೆ. ಅದಕ್ಕೆ ಒಂದು ವರ್ಷವಾದರೂ ಹೋಗಬೇಡಿ.

ಊರು ಬದಲಾಯಿಸಿದರೆ ಚಟ ಬಿಟ್ಟುಹೋಗುತ್ತದೆಯೇ?

ಇದಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ಉತ್ತರವಿದೆ. ವಿಯೆಟ್ನಾಮ್ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಹರಡಿದಾಗ 1971ರಲ್ಲಿ ಆ ದೇಶ ಬೆಚ್ಚಿಬಿದ್ದಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಮರಳಿದವರನ್ನು ಹುಡುಕಿ ಮಾತಾಡಿಸಿದರು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬ ವ್ಯಸನಿಯಾಗಿದ್ದ. ಹಾಗೆ ವ್ಯಸನಿಗಳಾಗಿದ್ದವರ ಪೈಕಿ ಮರಳಿದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಐದರಷ್ಟು. ಮೂರು ವರ್ಷಗಳಲ್ಲಿ ಸ್ವಲ್ಪ ಕಾಲವಾದರೂ ಬಿದ್ದವರು 12. ಬಹುಮಂದಿ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಜಾಗ, ಜೊತೆ, ಸುಲಭವಾಗಿ ಸಿಗುವಿಕೆ ಎಲ್ಲವೂ ಸಾಗರದಾಚೆ ಉಳಿದಿದ್ದವು.

ಆದರೆ ಇದನ್ನು ಓದಿ ಮನೆ ಖಾಲಿ ಮಾಡಬೇಡಿ. ಹೆರಾಯಿನ್ ವಿಯೆಟ್ನಾಮಿನಲ್ಲಿ ಉಳಿಯಿತು. ಮದ್ಯ ಹೋದಲ್ಲೆಲ್ಲ ಇದೆ, ಮನಸ್ಸಿನ ಗಾಯ ಪೆಟ್ಟಿಗೆಯೊಳಗೇ ಬರುತ್ತದೆ. ಊರಿಗಿಂತ ದಿನಚರಿ ಬದಲಾದರೆ ಹೆಚ್ಚು ಉಪಯೋಗ. ಸಂಜೆ ಆರರಿಂದ ಹತ್ತರವರೆಗೆ ಅವರು ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ ಎಂಬುದನ್ನು ಬದಲಾಯಿಸಿ ನೋಡಿ. ಬೆಳಗಿನ ಕಹಳೆಯಿಂದ ರಾತ್ರಿಯ ಎಣಿಕೆಯವರೆಗೆ ಗಂಟೆಗಂಟೆಗೂ ಕೆಲಸವಿದ್ದವನಿಗೆ ಖಾಲಿ ಸಂಜೆಗಿಂತ ಅಪಾಯದ ಜಾಗ ಇಲ್ಲ.

## ಯುದ್ಧದ ಗಾಯವೂ ಕುಡಿತವೂ ಒಟ್ಟಿಗಿದ್ದಾಗ

‘ಮೊದಲು ಕುಡಿತ ಬಿಟ್ಟು ಬನ್ನಿ, ಆಮೇಲೆ ಪಿಟಿಎಸ್‌ಡಿ ನೋಡೋಣ’ ಎಂದು ಕಳುಹಿಸಿದರು. ಮನೋವಿಭಾಗದಲ್ಲಿ ಹೀಗೆ, ವ್ಯಸನ ವಿಭಾಗದಲ್ಲಿ ‘ಮೊದಲು ಮನಸ್ಸು ಸರಿಮಾಡಿಕೊಳ್ಳಿ’ ಎಂದರು. ಎಲ್ಲಿಗೆ ಹೋಗಲಿ?

ಈ ಪತ್ರ ಓದಿದಾಗ ನನಗೆ ಸಿಟ್ಟು ಬಂದಿತು, ಈಗಲೂ ಇದೆ. ಎರಡು ಬಾಗಿಲುಗಳ ನಡುವೆ ಓಡಾಡಿಸಿ ಜನರನ್ನು ಕಳೆದುಕೊಳ್ಳುವುದು ಹೀಗೆಯೇ. ಆಘಾತಾನಂತರದ ಒತ್ತಡದ ಕಾಯಿಲೆಗೆ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಬಂದದ್ದು 1980ರಲ್ಲಿ. ಅದಕ್ಕೂ ಮೊದಲು ಸೈನಿಕರು ಅದಕ್ಕೆ ತಾವೇ ಔಷಧ ಹುಡುಕಿಕೊಂಡಿದ್ದರು. ಆ ಔಷಧ ಬಾಟಲಿಯಲ್ಲಿತ್ತು. ರಾತ್ರಿಯ ಎಚ್ಚರ, ಸದ್ದಿಗೆ ಬೆಚ್ಚುವುದು, ಮರುಕಳಿಸುವ ದೃಶ್ಯ ಇವನ್ನು ಮದ್ಯ ಒಂದೆರಡು ಗಂಟೆ ತಣಿಸುತ್ತದೆ, ಮರುದಿನ ಇನ್ನಷ್ಟು ಕೆರಳಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿದರೆ ಬಿಟ್ಟದ್ದು ಮಾಡಿದ್ದನ್ನು ಕೆಡವುತ್ತದೆ.

ಆಘಾತದ ಬಗ್ಗೆ ಮಾತಾಡಿಸಿದರೆ ಕುಡಿತ ಹೆಚ್ಚುತ್ತದೆ ಎಂಬ ಹಳೆಯ ಭಯವನ್ನು ಪರೀಕ್ಷಿಸಿ ನೋಡಿದ್ದಾರೆ, ಅದು ನಿಜವಾಗಲಿಲ್ಲ. ನಡೆದದ್ದನ್ನು ಸುರಕ್ಷಿತ ಕೋಣೆಯಲ್ಲಿ ಮತ್ತೆ ಮತ್ತೆ ಹೇಳಿಸಿ, ದೂರವಿಟ್ಟಿದ್ದ ಜಾಗಗಳಿಗೆ ಹಂತ ಹಂತವಾಗಿ ಹೋಗಿಸುವ ಚಿಕಿತ್ಸೆಯನ್ನು ರೂಪಿಸಿದವರು ಎಡ್ನಾ ಫೋವಾ. ‘ತಪ್ಪೆಲ್ಲ ನನ್ನದೇ’, ‘ಯಾರನ್ನೂ ನಂಬಲಾಗದು’ ಎಂಬಂಥ ಬಿಗಿದ ಯೋಚನೆಗಳನ್ನು ಸುಮಾರು 12 ಭೇಟಿಗಳಲ್ಲಿ ಬಿಡಿಸುವ ಇನ್ನೊಂದನ್ನು ರೂಪಿಸಿದವರು ಪೆಟ್ರಿಷಿಯಾ ರೆಸಿಕ್. ಮೊದಲನೆಯದನ್ನು ವ್ಯಸನದ ಚಿಕಿತ್ಸೆಯೊಡನೆ ಹೆಣೆದ ಕೋಪ್ ಎಂಬ ಕ್ರಮವೂ ಇದೆ. ಮಾತ್ರೆಗಳಲ್ಲಿ ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಇವುಗಳಿಗೆ ಆಧಾರವಿದೆ. ‘ಎರಡನ್ನೂ ಒಂದೇ ತಂಡ ನೋಡುತ್ತದೆಯೇ?’ ಎಂದು ಕೇಳಿ. ಆ ವ್ಯವಸ್ಥೆ ಇಲ್ಲದಿದ್ದರೆ ಇಬ್ಬರು ವೈದ್ಯರಿಗೂ ಪರಸ್ಪರ ಮಾತಾಡಲು ಬರವಣಿಗೆಯಲ್ಲಿ ಅನುಮತಿ ಕೊಡಿ.

ಬಿಟ್ಟು ಹತ್ತು ದಿನವಾಯಿತು. ಕನಸುಗಳು ಮೊದಲಿಗಿಂತ ಭೀಕರವಾಗಿವೆ. ಕುಡಿದು ಮಲಗಿದ್ದೇ ವಾಸಿಯಾಗಿತ್ತು.

ಇದು ನಿರೀಕ್ಷಿತ, ಮತ್ತು ಇದನ್ನು ಮೊದಲೇ ಹೇಳದಿದ್ದದ್ದು ತಪ್ಪು. ಕನಸು ಕಾಣುವ ನಿದ್ದೆಯ ಹಂತವನ್ನು ಮದ್ಯ ಅದುಮಿಡುತ್ತದೆ. ಬಿಟ್ಟಾಗ ಅದು ಬಡ್ಡಿ ಸಮೇತ ಮರಳುತ್ತದೆ. ಬಹುಮಂದಿಗೆ ದಿನ ಕಳೆದಂತೆ ಆ ಅಲೆ ತಗ್ಗುತ್ತದೆ, ಆದರೆ ಪೂರ್ತಿ ನಿದ್ದೆ ಕೂಡಿಬರಲು ತಿಂಗಳುಗಳು ಬೇಕು. ಮತ್ತೆ ಕುಡಿಯುವವರಲ್ಲಿ ಬಹಳ ಮಂದಿ ಜಾರುವುದು ಈ ರಾತ್ರಿಗಳಲ್ಲೇ. ನಿದ್ದೆಗೆಂದೇ ಇರುವ ವರ್ತನಾ ಚಿಕಿತ್ಸೆ ಮಾತ್ರೆಗಿಂತ ಗಟ್ಟಿ. ಕೆಟ್ಟ ಕನಸನ್ನು ಹಗಲಿನಲ್ಲಿ ಬರೆದು, ಅದರ ಕೊನೆಯನ್ನು ಬದಲಿಸಿ, ದಿನವೂ ಮನಸ್ಸಿನಲ್ಲಿ ಅಭ್ಯಾಸ ಮಾಡುವ ವಿಧಾನವೂ ಇದೆ. ಕೆಟ್ಟ ಕನಸಿಗೆ ಕೊಡುವ ಪ್ರಜೋಸಿನ್ ಮಾತ್ರೆಯ ಮೇಲೆ ಬಹಳ ಆಸೆ ಇಟ್ಟಿದ್ದರು. ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ಔಷಧವಿಲ್ಲದ ಖಾಲಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಆದರೂ ಕೆಲವರಿಗೆ ಅನುಕೂಲವಾಗಿದೆ ಎಂದು ವೈದ್ಯರು ಬಳಸುವುದುಂಟು.

ಗಾಬರಿಗೆಂದು ಕೊಟ್ಟ ಆಲ್ಪ್ರಾಜೋಲಮ್ ಇಲ್ಲದೆ ಈಗ ಇರಲಾಗುತ್ತಿಲ್ಲ.

ಆಲ್ಪ್ರಾಜೋಲಮ್, ಡಯಾಜೆಪಾಮ್, ಲೋರಾಜೆಪಾಮ್ ಒಂದೇ ಗುಂಪಿನವು. ಆ ಗುಂಪಿನ ಮಾತ್ರೆಗಳನ್ನು ಪಿಟಿಎಸ್‌ಡಿಗೆ ಕೊಡಬಾರದೆಂದೇ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಮಾರ್ಗದರ್ಶಿ ಹೇಳುತ್ತದೆ. ಮದ್ಯ ಅಥವಾ ಅಫೀಮು ಜಾತಿಯ ಔಷಧದ ಜೊತೆ ಸೇರಿದರೆ ಉಸಿರು ನಿಲ್ಲಬಹುದು. ಹಾಗೆಂದು ನಾಳೆಯೇ ಬಿಸಾಡಬೇಡಿ, ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರು ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ನಾನು ಹೆದರಿದ್ದರಿಂದ ಕುಡಿಯುತ್ತಿಲ್ಲ. ನಾನು ಮಾಡಿದ್ದು ನೆನಪಾಗಿ ಕುಡಿಯುತ್ತೇನೆ. ಅದಕ್ಕೂ ಚಿಕಿತ್ಸೆ ಇದೆಯೇ?

ಇದಕ್ಕೆ ಈಚೆಗೆ ನೈತಿಕ ಗಾಯ ಎನ್ನುತ್ತಾರೆ. ಮಾಡಿದ್ದು, ತಡೆಯಲಾಗದೆ ನೋಡಿದ್ದು, ಮೇಲಿನವರು ಮಾಡಿಸಿದ್ದು ಒಬ್ಬನ ಒಳಗಿನ ನ್ಯಾಯಕ್ಕೆ ಹೊಂದದೆ ಕೊಳೆಯುವ ಗಾಯ ಅದು. ಭಯದ ಚಿಕಿತ್ಸೆ ಇದಕ್ಕೆ ಪೂರ್ತಿ ಸಾಲದು. ‘ನೀನು ಕರ್ತವ್ಯ ಮಾಡಿದೆ, ಮರೆತುಬಿಡು’ ಎಂಬ ಸಮಾಧಾನ ಕಿವಿಗೂ ಬೀಳುವುದಿಲ್ಲ, ಏಕೆಂದರೆ ಅದನ್ನು ಹೇಳುವವರು ನಡೆದದ್ದನ್ನು ಪೂರ್ತಿ ಕೇಳಿರುವುದಿಲ್ಲ. ಮೊದಲು ಬೇಕಾದದ್ದು ಮುಖ ಹಿಂಡದೆ ಕೊನೆಯವರೆಗೂ ಕೇಳುವ ಒಬ್ಬರು. ಆಮೇಲೆ, ಆ ದಿನ ನಿಮಗೆ ತಿಳಿದಿದ್ದುದು ಎಷ್ಟು, ನಿಮ್ಮ ಕೈಯಲ್ಲಿದ್ದುದು ಎಷ್ಟು ಎಂದು ಬಿಡಿಸಿ ನೋಡುವುದು. ನಿಜವಾಗಿ ನಿಮ್ಮ ಪಾಲಿನದ್ದು ಉಳಿದರೆ, ಕುಡಿದು ತನ್ನನ್ನೇ ಶಿಕ್ಷಿಸಿಕೊಳ್ಳುವ ಬದಲು ಯಾರಿಗಾದರೂ ಏನನ್ನಾದರೂ ಮರಳಿ ಕೊಡುವ ದಾರಿ. ಕೆಲವರಿಗೆ ಇದು ಧರ್ಮಗುರುಗಳ ಮೂಲಕ ಆಗುತ್ತದೆ, ಕೆಲವರಿಗೆ ಮನೋಚಿಕಿತ್ಸಕರ ಮೂಲಕ.

ಸ್ಫೋಟದಲ್ಲಿ ತಲೆಗೆ ಪೆಟ್ಟು ಬಿದ್ದಿತ್ತು. ಈಗ ಎರಡೇ ಗ್ಲಾಸಿಗೆ ಹದ ತಪ್ಪುತ್ತಾರೆ.

ಪೆಟ್ಟು ತಿಂದ ಮಿದುಳು ಮದ್ಯವನ್ನು ತಾಳದು. ಸಿಟ್ಟು, ಮರೆವು, ಫಿಟ್ಸ್ ಎಲ್ಲವೂ ಬೇಗ ಬರುತ್ತವೆ. ಚಿಕಿತ್ಸೆಯಲ್ಲೂ ಹೊಂದಾಣಿಕೆ ಬೇಕು: ಭೇಟಿಗಳು ಚಿಕ್ಕವಾಗಿರಲಿ, ಹೇಳಿದ್ದನ್ನು ಬರೆದು ಕೊಡಲಿ, ಮೊಬೈಲಿನಲ್ಲಿ ಮಾತ್ರೆಯ ಹೊತ್ತು ನೆನಪಿಸಲಿ. ಭೇಟಿ ತಪ್ಪಿಸಿದರೆ ಆಸಕ್ತಿಯಿಲ್ಲ ಎಂದು ಬರೆದುಕೊಳ್ಳುವ ಮೊದಲು ನೆನಪಿದೆಯೇ ಎಂದು ಕೇಳಬೇಕು.

ನನ್ನ ಆಘಾತ ಯುದ್ಧದ್ದಲ್ಲ, ನಮ್ಮವರದೇ. ಗಂಡಸರೇ ತುಂಬಿದ ಗುಂಪಿನಲ್ಲಿ ಕುಳಿತು ಮಾತಾಡಲು ನನ್ನಿಂದಾಗದು.

ಆಗಬೇಕಾಗಿಯೂ ಇಲ್ಲ. ಸೇವೆಯಲ್ಲಿದ್ದಾಗ ಜೊತೆಯವರಿಂದ, ಮೇಲಧಿಕಾರಿಯಿಂದ ಆದ ಲೈಂಗಿಕ ದೌರ್ಜನ್ಯ ಪಿಟಿಎಸ್‌ಡಿಗೂ ಕುಡಿತಕ್ಕೂ ದೊಡ್ಡ ಕಾರಣ. ಹೆಂಗಸರಷ್ಟೇ ಅಲ್ಲ, ಹೇಳಲಾಗದೆ ನುಂಗಿಕೊಂಡ ಗಂಡಸರೂ ಇದ್ದಾರೆ. ಒಬ್ಬರೇ ಭೇಟಿಯಾಗುವ ಚಿಕಿತ್ಸೆ, ಹೆಂಗಸರದೇ ಗುಂಪು, ಚಿಕಿತ್ಸಕರು ಹೆಂಗಸೋ ಗಂಡಸೋ ಎಂಬ ಆಯ್ಕೆ ಇವನ್ನು ಕೇಳುವ ಹಕ್ಕು ನಿಮಗಿದೆ. ಆಗ ದೂರು ಕೊಟ್ಟಿರಲಿಲ್ಲ ಎಂಬುದು ಈಗಿನ ಚಿಕಿತ್ಸೆಗೆ ಅಡ್ಡಿಯಾಗಬಾರದು.

## ಇನ್ನೂ ಮುಂದಿನ ಪ್ರಶ್ನೆಗಳು

ಕುಡಿದು ಹೊಡೆದಾಡಿ ಮಗನ ಮೇಲೆ ಮೊಕದ್ದಮೆಯಾಗಿದೆ. ಜೈಲಿಗೆ ಬದಲು ಚಿಕಿತ್ಸೆ ಎಂಬುದು ಎಲ್ಲಾದರೂ ಇದೆಯೇ?

ಅಮೆರಿಕದ ಬಫಲೋ ನಗರದಲ್ಲಿ ನ್ಯಾಯಾಧೀಶ ರಾಬರ್ಟ್ ರಸೆಲ್ 2008ರಲ್ಲಿ ಮಾಜಿ ಸೈನಿಕರಿಗೆಂದೇ ಚಿಕಿತ್ಸಾ ನ್ಯಾಯಾಲಯ ಶುರುಮಾಡಿದರು. ಆರೋಪಿ ಚಿಕಿತ್ಸೆಗೆ ಒಪ್ಪಿ, ಪದೇ ಪದೇ ನ್ಯಾಯಾಲಯಕ್ಕೆ ಬಂದು, ಪರೀಕ್ಷೆಗಳಿಗೆ ಒಳಪಡುತ್ತಾನೆ. ಪಕ್ಕದಲ್ಲಿ ಇನ್ನೊಬ್ಬ ಮಾಜಿ ಸೈನಿಕ ಮಾರ್ಗದರ್ಶಿಯಾಗಿ ನಿಲ್ಲುತ್ತಾನೆ. ಆ ಮಾದರಿ ಅಲ್ಲಿ ನೂರಾರು ಕಡೆ ಹರಡಿದೆ. ಅಂಥ ನ್ಯಾಯಾಲಯವಿಲ್ಲದ ಕಡೆಯೂ, ಸೇವೆಯ ದಾಖಲೆ ಮತ್ತು ಚಿಕಿತ್ಸೆ ಈಗಾಗಲೇ ನಡೆಯುತ್ತಿರುವ ಪತ್ರವನ್ನು ವಕೀಲರ ಮೂಲಕ ಮುಂದಿಡುವುದು ವ್ಯರ್ಥವಲ್ಲ. ತೀರ್ಪಿಗೆ ಕಾಯದೆ ಚಿಕಿತ್ಸೆ ಶುರುಮಾಡಿ.

ಐಬೊಗೇನ್ ಒಂದೇ ಸಲಕ್ಕೆ ಎಲ್ಲವನ್ನೂ ತೊಳೆಯುತ್ತದಂತೆ. ಜೊತೆಗಾರನೊಬ್ಬ ವಿದೇಶಕ್ಕೆ ಹೋಗಿ ತೆಗೆದುಕೊಂಡು ಬಂದ.

ಐಬೊಗೇನ್ ಎಂಬುದು ಆಫ್ರಿಕದ ಗಿಡವೊಂದರಿಂದ ಬರುವ, ಭ್ರಮೆ ಹುಟ್ಟಿಸುವ ಪದಾರ್ಥ. ಆಸೆ ಏಕೆ ಹುಟ್ಟಿತೆಂದು ಅರ್ಥವಾಗುತ್ತದೆ. 2024ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಮೆಕ್ಸಿಕೊದಲ್ಲಿ ಇದನ್ನು ಮೆಗ್ನೀಸಿಯಮ್ ಜೊತೆ ತೆಗೆದುಕೊಂಡ ವಿಶೇಷ ಪಡೆಗಳ 30 ಮಾಜಿ ಸೈನಿಕರಲ್ಲಿ ಪಿಟಿಎಸ್‌ಡಿ, ಖಿನ್ನತೆ, ಆತಂಕ ಬಹಳ ಇಳಿದದ್ದನ್ನು ವರದಿ ಮಾಡಿದರು. ಅವರು ತಲೆಗೆ ಪೆಟ್ಟು ತಿಂದವರು, ವ್ಯಸನಕ್ಕೆಂದು ಆರಿಸಿದವರಲ್ಲ. ಹೋಲಿಸಿ ನೋಡಲು ಖಾಲಿ ಮಾತ್ರೆಯ ಗುಂಪೂ ಇರಲಿಲ್ಲ. ಐಬೊಗೇನ್ ಹೃದಯದ ಲಯ ಕೆಡಿಸಿ ಜನ ಸತ್ತದ್ದುಂಟು. ಮೆಥಡೋನ್ ಅಥವಾ ಹೃದಯದ ಲಯವನ್ನು ಬದಲಿಸುವ ಬೇರೆ ಔಷಧ ದೇಹದಲ್ಲಿದ್ದರೆ ಅಪಾಯ ಇನ್ನೂ ಹೆಚ್ಚು. ಎಕ್ಸ್‌ಟಸಿ ಎಂದೂ ಕರೆಯುವ ಎಂಡಿಎಂಎ ಎಂಬ ಮಾದಕ ವಸ್ತುವನ್ನು ಪಿಟಿಎಸ್‌ಡಿಗೆ ಬಳಸುವ ಅರ್ಜಿಯನ್ನು ಅಮೆರಿಕದ ಔಷಧ ನಿಯಂತ್ರಕರು 2024ರ ಆಗಸ್ಟಿನಲ್ಲಿ ಒಪ್ಪಲಿಲ್ಲ, ಇನ್ನೊಂದು ಪ್ರಯೋಗ ಬೇಕೆಂದರು. ಒಪ್ಪಿಗೆ ಪಡೆದ ಸಂಶೋಧನೆಯಲ್ಲಿ ಭಾಗಿಯಾಗಲು ಅವಕಾಶ ಸಿಕ್ಕಿದರೆ ಯೋಚಿಸಬಹುದು. ಸಾಲ ಮಾಡಿ, ಹೃದಯದ ಪರೀಕ್ಷೆಯೂ ಇಲ್ಲದ ಜಾಗಕ್ಕೆ ಹೋಗಬೇಡಿ. ಸಾಧಾರಣವಾದ ನಾಲ್‌ಟ್ರೆಕ್ಸೋನನ್ನಾಗಲಿ, ಹನ್ನೆರಡು ಭೇಟಿಗಳ ಚಿಕಿತ್ಸೆಯನ್ನಾಗಲಿ ಒಮ್ಮೆಯೂ ಪೂರ್ತಿ ಮಾಡಿ ನೋಡದವರು ಮೊದಲು ಅದನ್ನು ಮಾಡಿ.

ಆರು ವರ್ಷ ಮುಟ್ಟಿಲ್ಲ. ಮೊನ್ನೆ ನಮ್ಮ ತುಕಡಿಯವನೊಬ್ಬ ತೀರಿಕೊಂಡ. ಅಂದಿನಿಂದ ಗಂಟಲು ಒಣಗುತ್ತಿದೆ. ಇಷ್ಟು ವರ್ಷದ ಮೇಲೂ ಹೀಗಾಗುತ್ತದೆಯೇ?

ಆಗುತ್ತದೆ. ಹಳೆಯ ದಾರಿ ಮಿದುಳಿನಲ್ಲಿ ಅಳಿಸಿಹೋಗುವುದಿಲ್ಲ, ಹುಲ್ಲು ಬೆಳೆದು ಮುಚ್ಚಿರುತ್ತದೆ. ಜೊತೆಗಾರನ ಸಾವು, ಕದನ ನಡೆದ ತಾರೀಖು, ಪಟಾಕಿಯ ಸದ್ದು, ಸುದ್ದಿಯಲ್ಲಿ ಕಾಣುವ ಯುದ್ಧ ಆ ಹುಲ್ಲನ್ನು ತುಳಿಯುತ್ತವೆ. ಗಂಟಲು ಒಣಗಿದ್ದು ಮರುಕಳಿಕೆಯಲ್ಲ; ಅದನ್ನು ಬರೆದು ಕೇಳಿದಿರಲ್ಲ, ಆರು ವರ್ಷದ ಹಿಂದೆ ನೀವು ಹಾಗೆ ಕೇಳುತ್ತಿರಲಿಲ್ಲ.

ಇವತ್ತೇ ಒಬ್ಬರಿಗೆ ಫೋನ್ ಮಾಡಿ ಹೇಳಿ. ಹಿಂದೆ ಚಿಕಿತ್ಸೆ ಕೊಟ್ಟವರನ್ನು ಈ ವಾರವೇ ಕಂಡು, ನಿಲ್ಲಿಸಿದ್ದ ಮಾತ್ರೆಯನ್ನು ಕೆಲವು ತಿಂಗಳು ಮತ್ತೆ ಶುರುಮಾಡಬೇಕೇ ಎಂದು ವಿಚಾರಿಸಿ. ಅಂತ್ಯಕ್ರಿಯೆಗೆ ಹೋಗಲೇಬೇಕು ಅನ್ನಿಸಿದರೆ ಹೋಗಿ, ಕುಡಿಯದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮರಳುವ ವಾಹನ ಮೊದಲೇ ನಿಗದಿಯಾಗಿರಲಿ. ಸಂಜೆ ಅವನ ಹೆಸರಿನಲ್ಲಿ ಗ್ಲಾಸು ಎತ್ತೋಣ ಎಂದು ಜೊತೆಗಾರರು ಕರೆಯುತ್ತಾರೆ. ಆ ಹೊತ್ತಿಗೆ ನೀವು ಅವನ ಹೆಂಡತಿ ಮಕ್ಕಳ ಬಳಿ ಕುಳಿತು ಅವನ ಕತೆ ಹೇಳುತ್ತಿರಿ.